ಕೈಹೊಲಿಗೆ ವಿಭಾಗದ ನಷ್ಟ

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಹುಳು ಎಂದೇ. ಪುಸ್ತಕದ ಹುಳು ಎಂದು ಅಣ್ಣ ಚಿಕ್ಕಂದಿನಲ್ಲಿ ಛೇಡಿಸಿದ್ದು ಹಾಗೇ ಅಂಟಿಕೊಂಡಿತ್ತು. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅತ್ತಿಗೆ, ನಾದಿನಿ ಇಬ್ಬರೇ. ಇಬ್ಬರೂ ಚೀಲ ಹೊಲಿಯುವ ಒಂದೇ ಕಾರ್ಖಾನೆಗೆ ಹೋಗುತ್ತಿದ್ದರು. ಅತ್ತಿಗೆ ಕೈಹೊಲಿಗೆ ವಿಭಾಗದಲ್ಲಿ, ಹುಳು ಆಫೀಸಿನಲ್ಲಿ ಬಿಲ್ಲು ಬರೆಯುವುದಕ್ಕೆ. ಸಂಜೆಯಾದರೆ ಹುಳು ವಿಶ್ವವಿದ್ಯಾಲಯಕ್ಕೆ ಓಡಬೇಕಿತ್ತು. “ಸೌಟು ನಾನು ಹಿಡ್ಕೋತೀನಿ, ನೀನು ಪುಸ್ತಕ ಹಿಡ್ಕೋ” ಎಂದು ಅತ್ತಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಅವಳು ಓದುತ್ತಿದ್ದುದು ಮ್ಯಾನೇಜ್‌ಮೆಂಟ್ ಅಕೌಂಟಿಂಗ್. ಆಗಿಹೋದದ್ದನ್ನು ಬರೆದಿಡುವುದು ಗುಮಾಸ್ತನ ಕೆಲಸ, ಮುಂದೇನು ಮಾಡಬೇಕೆಂದು ಯಜಮಾನನಿಗೆ ತೋರಿಸಿಕೊಡುವುದು ನಿಮ್ಮ ಕೆಲಸ ಎಂದು ಮೇಷ್ಟ್ರು ಹೇಳಿದ್ದು ಅವಳ ತಲೆಗೇರಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ತಮ್ಮ ಕಾರ್ಖಾನೆಯನ್ನೇ ಆರಿಸಿಕೊಂಡಳು. ಮಾಲೀಕರೂ ಸಂತೋಷದಿಂದ ಒಪ್ಪಿದರು.

ಕಟಿಂಗ್, ಮಿಷನ್ ಹೊಲಿಗೆ, ಕೈಹೊಲಿಗೆ ಎಂದು ಮೂರು ವಿಭಾಗಗಳು. ಕೂಲಿ, ಬಟ್ಟೆ, ದಾರ ಯಾರ ಪಾಲಿನದೆಂದು ಸಲೀಸಾಗಿ ಗೊತ್ತಾಗುತ್ತಿತ್ತು. ಕಟ್ಟಡದ ಬಾಡಿಗೆ, ಕಾವಲುಗಾರನ ಸಂಬಳ, ಮಾಲೀಕರ ಕಾರಿನ ಖರ್ಚನ್ನು ಮಾತ್ರ ಎಲ್ಲರಿಗೂ ಹಂಚಬೇಕು. ಯಾರು ಎಷ್ಟು ಜಾಗ ಹಿಡಿದಿದ್ದಾರೋ ಅವರಿಗೆ ಅಷ್ಟು ಎಂಬುದು ಪಠ್ಯದಲ್ಲಿದ್ದ ಪದ್ಧತಿ. ಬೆಳಕು ಬೇಕೆಂದು ಕೈಹೊಲಿಗೆಯವರಿಗೆ ಕಿಟಕಿ ಸಾಲಿನ ಉದ್ದನೆಯ ಹಾಲ್ ಕೊಟ್ಟಿದ್ದರು. ಹೆಚ್ಚುಕಮ್ಮಿ ಅರ್ಧ ಕಟ್ಟಡ. ಅರ್ಧ ಖರ್ಚು ಅವರ ತಲೆಗೆ ಬಂತು. ಹೇಗೋ ಲಾಭದಲ್ಲಿ ನಡೆಯುತ್ತಿದ್ದ ವಿಭಾಗ ಕಾಗದದ ಮೇಲೆ ಮುಳುಗಿಹೋಯಿತು.

ಇದು ಹಂಚಿಕೆಯ ಆಟವೇ ಹೊರತು ನಿಜವಾದ ನಷ್ಟವಲ್ಲ ಎಂದು ಹುಳುವಿಗೆ ಗೊತ್ತಿತ್ತು. ಹಾಗೆಂದೇ ಕೊನೆಯ ಅಧ್ಯಾಯ ಬರೆದಳು: ವಿಭಾಗ ಮುಚ್ಚಿದರೆ ಬಾಡಿಗೆ ನಿಲ್ಲುವುದಿಲ್ಲ, ಉಳಿದವರ ಮೇಲೆ ಬೀಳುತ್ತದೆ. ಮೇಷ್ಟ್ರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ಮಾಲೀಕರೂ ಒಂದು ಪ್ರತಿ ತರಿಸಿಕೊಂಡರು.

ಮುಂದಿನ ತಿಂಗಳು ಕೈಹೊಲಿಗೆಯ ಹೆಂಗಸರನ್ನೆಲ್ಲ ಅದೇ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ, ನಾಳೆಯಿಂದ ಬರಬೇಡಿ ಎಂದುಬಿಟ್ಟರು. ಲೆಕ್ಕವೇ ಹಾಗಿದೆ, ಹಾಕಿದವಳೂ ನಿಮ್ಮ ಮನೆಯವಳೇ ಎಂದು ಮೇಸ್ತ್ರಿ ಅತ್ತಿಗೆಯ ಮುಖಕ್ಕೇ ಹೇಳಿದ.

ಹುಳು ಮಾಲೀಕರ ಕೋಣೆಗೆ ನುಗ್ಗಿದಳು. “ಹಾಲ್ ಖಾಲಿ ಮಾಡಿದ್ರೂ ಬಾಡಿಗೆ ಕಟ್ಟಲೇಬೇಕಲ್ಲ ಸರ್. ಕೊನೇಲಿ ಅದನ್ನೇ ಬರ್ದಿದ್ದೀನಿ.”

“ಅದು ನೀನು ಮಾರ್ಕ್ಸಿಗೆ ಬರ್ದಿದ್ದು ಕಣಮ್ಮ,” ಎಂದರು ಮಾಲೀಕರು. “ನನಗೆ ಬೇಕಾಗಿದ್ದು ಲೆಕ್ಕ. ಅದು ಚೆನ್ನಾಗಿದೆ.”

ಆ ಸಂಜೆಯೂ ಅಡುಗೆ ಆಗಿತ್ತು. ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಡಿಸುವಾಗ ಒಂದೇ ಮಾತು ಕೇಳಿದಳು: “ಅದ್ರಲ್ಲಿ ನನ್ನ ಹೆಸರೂ ಇತ್ತಾ?”

“ಹೆಸರು ಯಾರದ್ದೂ ಇರ್ಲಿಲ್ಲ ಅತ್ತಿಗೆ. ಬರೀ ಜಾಗ ಇತ್ತು.”

ಅತ್ತಿಗೆಗೆ ಆಮೇಲೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿತು. ನಾಜೂಕಾಗಿ ಸೂಜಿ ಹಿಡಿಯುತ್ತಿದ್ದ ಬೆರಳುಗಳ ಚರ್ಮ ಒಗೆಯುವ ಸೋಡಾದ ನೀರಿಗೆ ಸುಲಿದುಹೋಯಿತು. ಹುಳು ಪ್ರಥಮ ದರ್ಜೆಯಲ್ಲಿ ಪಾಸಾದಳು. ಮಾಲೀಕರು ಅವಳನ್ನು ಖರ್ಚುವೆಚ್ಚದ ಲೆಕ್ಕಕ್ಕೇ ನೇಮಿಸಿ, ಬೇರೆ ಮೇಜು ಕೊಟ್ಟರು. ಬೇಡವೆನ್ನಲು ಅವಳು ಬಾಯಿ ತೆರೆದದ್ದೂ ಉಂಟು. ಆದರೆ ಹೊಟ್ಟೆ ಕೇಳಬೇಕಲ್ಲ.

ಹಾಲ್ ಖಾಲಿ ಬಿದ್ದಿತ್ತು. ಅದರ ಬಾಡಿಗೆಯನ್ನು ಉಳಿದೆರಡು ವಿಭಾಗಗಳಿಗೆ ಹಂಚಿದಾಗ, ಅವಳು ಬರೆದಿದ್ದಂತೆಯೇ, ಮಿಷನ್ ಹೊಲಿಗೆಯೂ ನಷ್ಟಕ್ಕಿಳಿಯಿತು. ಹುಳು ಈ ಸಲ ಎಚ್ಚರಿಕೆಯ ಮಾತನ್ನು ಮೊದಲ ಪುಟದಲ್ಲೇ ಹಾಕಿದಳು. ಮಾಲೀಕರು ಓದಿದರು, ಆ ಪುಟ ತೆಗೆದು ಮತ್ತೆ ಟೈಪ್ ಮಾಡಿಸು ಎಂದರು. ಅವಳು ಮಾಡಿಸಿದಳು.

ಮನೆಯಲ್ಲಿ ಅವಳ ಮುಖ ನೋಡಿಯೇ ಅತ್ತಿಗೆಗೆ ತಿಳಿಯಿತು.

“ಈ ಸಲ ಯಾರು?”

“ಮಿಷನ್ ಹೊಲಿಗೆಯವ್ರು.”

ಅತ್ತಿಗೆ ತನ್ನ ತಟ್ಟೆ ತೊಳೆದು ಬೋರಲು ಹಾಕಿದಳು. ದಿನವೂ ತಾನೇ ತೊಳೆಯುತ್ತಿದ್ದ ಹುಳುವಿನ ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.