ಗಾಳಿ ಇಲ್ಲ ಎಂದರೂ ಚಪ್ಪಾಳೆ

ಕಳೆದ ವರ್ಷ ರಾಜ್ಯೋತ್ಸವದ ದಿನ ನಮ್ಮೂರಿನವರು ನನಗೆ ಸನ್ಮಾನ ಇಟ್ಟುಕೊಂಡಿದ್ದರು. ನಮ್ಮದು ಮಿರ್ಲೆ ಹತ್ತಿರದ ಹಳ್ಳಿ. ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬೇರೆ ನಕ್ಷತ್ರಗಳ ಸುತ್ತ ತಿರುಗುವ ಕಲ್ಲಿನ ಗ್ರಹಗಳಿಗೆ ನಮ್ಮ ಭೂಮಿಗಿರುವಂತೆ ಗಾಳಿಯ ಹೊದಿಕೆ ಇದೆಯೇ ಎಂದು ನೋಡುವುದು ನನ್ನ ಕೆಲಸ.

ಬಸ್ಸಿಳಿದ ಕೂಡಲೇ ಕಂಡದ್ದು ಫ್ಲೆಕ್ಸು. ನನ್ನ ಮುಖ, ಪಕ್ಕದಲ್ಲಿ ತೆಂಗಿನಮರವಿರುವ ಒಂದು ನೀಲಿ ಗೋಳ, ಕೆಳಗೆ ‘ಗಾಳಿ ಇರುವ ಹೊಸ ಭೂಮಿ ಕಂಡುಹಿಡಿದ ನಮ್ಮೂರ ಮಗಳು’. ನಾನು ಒಂದು ಗ್ರಹದ ಬಗ್ಗೆ ವರ್ಷಗಟ್ಟಲೆ ಲೆಕ್ಕ ಹಾಕಿ ಕಂಡುಕೊಂಡದ್ದು ಅದರ ಉಲ್ಟಾ. ಆ ಗ್ರಹದ ಬಿಸಿಲು ಬೀಳುವ ಮಗ್ಗುಲು ಕಾದ ಕಾವಲಿಯಂತಿದೆ. ದಪ್ಪಗೆ ಗಾಳಿ ಇದ್ದಿದ್ದರೆ ಬಿಸಿ ಆಚೆ ಮಗ್ಗುಲಿಗೂ ಹರಡಿ, ಈಚೆ ಇಷ್ಟು ಕಾಯುತ್ತಿರಲಿಲ್ಲ. ಈ ಫ್ಲೆಕ್ಸಿನ ಫೋಟೊ ನಮ್ಮ ಪಿಎಚ್‌ಡಿ ಗೈಡ್ ಕಣ್ಣಿಗೆ ಬಿದ್ದರೆ ನನ್ನ ಮಾತನ್ನು ಇನ್ನು ಯಾರು ನಂಬುತ್ತಾರೆ?

ಕಾರ್ಯಕ್ರಮ ನಡೆಸುತ್ತಿದ್ದವರು ನಮ್ಮ ಚಿಕ್ಕಪ್ಪನೇ. “ಚಿಕ್ಕಪ್ಪ, ಅಲ್ಲಿ ಗಾಳಿ ಇಲ್ಲ. ಅದನ್ನ ಇಳಿಸ್ಬುಡಿ,” ಎಂದೆ.

“ಇಲ್ಲ ಅನ್ನೋದ್ಕೆಲ್ಲ ಯಾರವ್ವ ಸನ್ಮಾನ ಮಾಡ್ತಾರೆ? ಒಂದಿನ ಸುಮ್ಕಿರು,” ಎಂದರು.

ನಾನು ಸುಮ್ಮನಿರುವ ಪೈಕಿಯಲ್ಲ. ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮೈಕು ಮುಂದೆ ಹಿಡಿದಾಗ ಹೇಳಿಯೇಬಿಟ್ಟೆ. “ನಾನು ಯಾವ ಹೊಸ ಭೂಮಿಯನ್ನೂ ಕಂಡುಹಿಡಿದಿಲ್ಲ. ಆ ಗ್ರಹ ಹುಡುಕಿದವರು ಬೇರೆಯವರು. ಅಲ್ಲಿ ಗಾಳಿಯ ಗುರುತು ಸಿಗಲಿಲ್ಲ, ನಾನು ಕಂಡದ್ದು ಅಷ್ಟೇ. ಫ್ಲೆಕ್ಸಿನಲ್ಲಿರುವುದು ಸುಳ್ಳು.”

ಚಿಕ್ಕಪ್ಪ ಮೈಕು ಕಿತ್ತುಕೊಂಡರು. “ನೋಡ್ರಪ್ಪ, ಇಷ್ಟು ಓದಿದ್ರೂವೆ ನಾನೇನೂ ಮಾಡಿಲ್ಲ ಅಂತಾವ್ಳೆ. ತುಂಬಿದ ಕೊಡ ತುಳುಕಾಕಿಲ್ಲ ಅನ್ನೋದು ಇದ್ಕೇ ಕಣ್ರಪ್ಪ.”

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು, “ಅಪ್ಪ, ನಾನು ಹೇಳಿದ್ದು ನಿಜ,” ಎಂದೆ.

“ಗೊತ್ತು ಬುಡವ್ವ, ನಿನ್ ಗುಣವೇ ಅಂಗೆ,” ಎಂದರು ಅಪ್ಪ.

ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಅಲ್ಲಿ ಗಾಳಿ ಇಲ್ಲ’ ಎಂದು ಬರೆದು ಹಾಕಿದೆ. ಅದಕ್ಕೂ ಕೈಮುಗಿಯುವ ಚಿತ್ರಗಳೇ ಬಂದವು.

ಮುಂದಿನ ವಾರ ಗೈಡ್ ಫೋನಿನಲ್ಲಿ ಅದೇ ಫ್ಲೆಕ್ಸು. “ಏನಮ್ಮ ಇದು?” ಎಂದರು. ಲ್ಯಾಬಿನವರೆಲ್ಲರ ಮುಂದೆ ತಲೆ ತಗ್ಗಿಸಿಕೊಂಡು ನಡೆದದ್ದನ್ನು ಹೇಳಿದೆ. ಅವರು ನಂಬಿದರು, ನಕ್ಕರು ಕೂಡ. ನನಗೆ ನಗು ಬರಲಿಲ್ಲ. ಊರಿನವರು ನನ್ನನ್ನು ಸುಳ್ಳುಗಾರ್ತಿ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ವಿನಯವಂತೆ ಅಂದುಬಿಟ್ಟರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.