ಮೂರು ಉತ್ತರ ದಿಕ್ಕು, ಒಂದು ಬಚ್ಚಲ

ನನಗ ಒಂದು ಕೆಟ್ಟ ಚಟ ಐತಿ. ಎಲಿ-ಅಡಿಕಿದ್ದಲ್ಲ, ಇಸ್ಪೀಟಿಂದೂ ಅಲ್ಲ. ಗೊತ್ತಿದ್ದದ್ದನ್ನ ಹೇಳೂ ಚಟ. ಸರ್ವೇ ಆಫೀಸಿನ್ಯಾಗ ಜನ್ಮಪೂರ್ತಿ ನಕಾಶಿ ತಗದು ರಿಟೈರ್ ಆದಾಂವ ನಾನು. ಅಲ್ಲಿದ್ದಾಗ ನನ್ನ ಯಾರೂ ಏನೂ ಕೇಳಲಿಲ್ಲ, ಹಿಂಗಾಗಿ ಹೇಳೂದು ಭಾಳ ಉಳಕೊಂಡೈತಿ. ಯಾರರೆ ಒಂದು ಕಪ್ ಚಹಾ ಕೈಯಾಗ ಕೊಟ್ರ ಸಾಕು, ಶುರು ಆಗತೈತಿ. "ನಿಮಗ ಚಹಾ ಕೊಡೂದಂದ್ರ ರೇಡಿಯೋಕ್ಕ ಸೆಲ್ ಹಾಕಿದಂಗ" ಅಂತಾಳ ನನ್ನ ಹೆಂಡತಿ. ಅಕಿ ಹೇಳೂದು ಖರೇನ. ಈ ಚಟದ ಸಲುವಾಗಿ ನಮ್ಮ ಮಾಮಾನ ಬಚ್ಚಲ ಹೋಗೂದಿತ್ತು.

ಮಾಮಾ ಅಂದ್ರ ನಮ್ಮ ಅಕ್ಕನ ಗಂಡ. ಹುಬ್ಬಳ್ಳ್ಯಾಗ ಹತ್ತಿ ವ್ಯಾಪಾರ ಮಾಡಿದಾವ್ರು. ಅವ್ರು ಈ ಓಣ್ಯಾಗ ನಿಂತು ಭಾವ ಹೇಳಿದ್ರ ಆ ಓಣ್ಯಾಗಿನಾವ್ರು ಹೊರಗ ಬರತಿದ್ರು, ಅಂಥಾ ದನಿ. ಎರಡು ವರ್ಷದ ಹಿಂದ ಲಕವಾ ಹೊಡದು ಎಡಗೈ, ಎಡಗಾಲು ಹೋದ್ವು. ಈಗ ಗಾಲಿ ಕುರ್ಚಿ. ಬಾಡಿಗಿ ಮನಿ ಬಚ್ಚಲದಾಗ ಆ ಕುರ್ಚಿ ಹೋಗೂದಿಲ್ಲ. ಮುಂಜಾನೆದ್ದು ಅಕ್ಕ ಒಬ್ಬಾಕಿನ ಅವ್ರನ್ನ ಎತ್ತಿಕೊಂಡು ಒಳಗ ಒಯ್ಯಬೇಕು, ಕೂಡಸಬೇಕು, ತೊಳೀಬೇಕು, ಮತ್ತ ಎತ್ತಿ ತರಬೇಕು. ಅಕ್ಕಗೂ ಈಗ ಅರವತ್ತು ದಾಟ್ಯಾವ.

ಧಾರವಾಡಕ್ಕ ಹತ್ತಿಕೊಂಡಿರೂ ಸತ್ತೂರದಾಗ ಜಾಗಾ ಸಿಕ್ಕು ಮನಿ ಕಟ್ಟಸೂದು ಅಂತ ಆದಾಗ ಮಾಮಾ ನನ್ನ ಹಂತೇಕ ಕರದು ಒಂದ ಮಾತು ಕೇಳಿದ್ರು. "ತಮ್ಮಾ, ಬಾಕಿ ಮನಿ ನಿಮ್ಮಕ್ಕ ಹೇಳಿದಂಗ ಮಾಡು. ನಾ ಒಬ್ಬಾಂವನ ಹೋಗಿ ಒಬ್ಬಾಂವನ ಬರೂವಂಥಾ ಬಚ್ಚಲ ಒಂದು ಮಾಡಿ ಕೊಡು." ನಾ ಅವ್ರ ಕುರ್ಚಿ ಪಡಸಾಲ್ಯಾಗ ಗರ್ರ್ ಅಂತ ತಿರುಗಿಸಿ, ಗಾಲಿ ಹೋದ ದಾರಿಗೆ ಸುಣ್ಣದ ಕಡ್ಡೀಲೆ ಗುರುತು ಹಾಕಿ ಅಳದ್ನಿ. ತಿರುಗಾಕ ಐದು ಫೂಟ ಬೇಕು. ಐದೂವರಿ ಹಿಡದ್ನಿ. ಉಳಿದ ಖೋಲಿ ಎಲ್ಲಾ ಆ ಬಚ್ಚಲದ ಸುತ್ತಮುತ್ತ ಹೊಂದಿಸಿದ್ನಿ ಅಂತ ತಿಳೀರಿ.

ಪ್ಲ್ಯಾನ್ ನೋಡಾಕ ಅಕ್ಕ ಒಬ್ಬ ವಾಸ್ತುದವ್ರನ್ನ ಕರಸಿದ್ಲು. ಅಕಿ ತಲ್ಯಾಗ ಒಂದು ಅಂಜಿಕಿ ಹೊಕ್ಕಿತ್ತು. ಹಳೇ ಮನ್ಯಾಗ ಸಂಡಾಸ ಈಶಾನ್ಯ ಮೂಲ್ಯಾಗಿತ್ತು, ಅದಕ್ಕ ಗಂಡಗ ಲಕವಾ ಹೊಡೀತು ಅಂತ ಯಾರೋ ಪುಣ್ಯಾತ್ಮರು ಹೇಳಿಬಿಟ್ಟಿದ್ರು. ಮಾಮಾ ನಲವತ್ತು ವರ್ಷ ಸೇದಿದ ಸಿಗರೇಟಿನ ಸುದ್ದಿ ಯಾರೂ ತಗೀಲಿಲ್ಲ. ಅದನ್ನ ಯಾವ ದಿಕ್ಕಿಗೆ ಕುಂತು ಸೇದಿದ್ರೂ ನಡೀತೈತಿ ಕಾಣತೈತಿ. ವಾಸ್ತುದವ್ರು ಪ್ಲ್ಯಾನ್ ಹಿಂದು-ಮುಂದು ಮಾಡಿ ನೋಡಿ, ಉಪ್ಪಿಟ್ಟು ತಿಂದು, "ಅಡ್ಡಿಯಿಲ್ರಿ, ಛಲೋ ಐತಿ" ಅಂದು ಹೋದ್ರು. ಅಲ್ಲಿಗೆ ಮುಗೀಬೇಕಿತ್ತು.

ಪಾಯಾಕ್ಕ ಗುರುತು ಹಾಕೂ ದಿನ ವಾಸ್ತುದವ್ರ ಸಹಿತ ಎಲ್ಲಾರೂ ಜಾಗಾದಾಗ ಸೇರಿದ್ವಿ. ಗೌಂಡಿ ಅಜ್ಜ ಗೂಟ ಬಡದು, ದಾರ ಎಳದು, ಸುಣ್ಣದ ಗೆರಿ ಹಾಕಾಕತ್ತಿದ್ದ. ಮಾಮಾ ಬೇವಿನ ನೆರಳಿಗೆ ಕುರ್ಚ್ಯಾಗ ಕುಂತಿದ್ರು. ಅಷ್ಟರಾಗ ಚಹಾ ಬಂತು. ವಾಸ್ತುದವ್ರು ಸುಮ್ಮ ಮಾತಿಗೆ, "ಉತ್ತರ ದಿಕ್ಕು ಬರೋಬ್ಬರಿ ಹಿಡದೀರಲ್ರಿ?" ಅಂದ್ರು.

ಹೌದ್ರಿ ಅಂದು ಗಪ್ ಕುಂತಿದ್ರ ಏನ ಗಂಟ ಹೋಗತಿತ್ತು ನಂದು? "ಯಾವ ಉತ್ತರ ದಿಕ್ಕು ಕೇಳತೀರಿ?" ಅಂದ್ನಿ. "ಉತ್ತರ ಮೂರು ಅದಾವ."

ಮುಂದ ಕೇಳಬ್ಯಾಡ್ರಿ. ಸೂಜಿ ತೋರಸೂದು ಒಂದು ಉತ್ತರ, ಅದು ಕಬ್ಬಿಣ ಕಂಡಲ್ಲಿ ಹೊಯ್ದಾಡತೈತಿ. ಭೂಮಿ ತುದಿಗೆ ಹೋಗಿ ಮುಟ್ಟೂದು ಖರೇ ಉತ್ತರ. ಮೂರನೇದು ನಕಾಶಿ ಚೌಕಳಿಯ ಉತ್ತರ, ನಾವು ಸರ್ವೇದವ್ರು ಗ್ರಿಡ್ ಅಂತೇವಿ. ಭೂಮಿ ದುಂಡಗ, ಕಾಗದ ಚಪ್ಪಟಿ. ಮೋಸಂಬಿ ತೊಳಿ ಹೆಂಗ ತುದಿಗೆ ಹೋಗಿ ಕೂಡ್ತಾವ, ಹಂಗ ಖರೇ ಗೆರಿ ಎಲ್ಲಾ ಮ್ಯಾಲೆ ಹೋಗಿ ಕೂಡ್ತಾವ. ನಕಾಶಿ ಗೆರಿ ಹಂಗಲ್ಲ, ಕಿಡಕಿ ಸಳಿಯಂಗ ನೆಟ್ಟಗ ಒಂದಕ್ಕೊಂದು ಮುಟ್ಟದ ಹೋಗತಾವ. ಹಿಂಗಾಗಿ ಎರಡಕ್ಕೂ ಫರಕು ಬೀಳತೈತಿ. ಇಷ್ಟು ಹೇಳೂದರಾಗ ಎರಡನೇ ಕಪ್ ಚಹಾ ಮುಗಿದಿತ್ತು.

ವಾಸ್ತುದವ್ರ ಕಣ್ಣು ಹೊಳದ್ವು. "ಹಂಗಾದ್ರ ನಿಮ್ಮ ಪ್ಲ್ಯಾನ್ ಯಾವುದಕ್ಕೈತ್ರಿ?"

"ಗ್ರಿಡ್ಡಿಗೆ," ಅಂದ್ನಿ, ಎದಿ ಉಬ್ಬಿಸಿ.

"ಅಂದ್ರ ಖರೇದಕ್ಕಲ್ಲ."

ಅಕ್ಕನ ಕೈಯಾಗಿನ ಕಪ್ ಅಲ್ಲೇ ನಿಂತಿತು. ವಾಸ್ತುದವ್ರು ಕಿಸೇದಾಗಿಂದ ಮೊಬೈಲ್ ತಗದು, ಅದರಾಗಿನ ಸೂಜಿ ನೋಡಿ, ಒಂದು ಸುತ್ತ ತಿರುಗಿ, "ಒಂಬತ್ತು ಡಿಗ್ರಿ ತಪ್ಪೈತ್ರಿ ತಾಯೀ" ಅಂದ್ರು. ಮನಿ ಒಂಬತ್ತು ಡಿಗ್ರಿ ತಿರುಗಸಬೇಕಂತ. ನೆಟ್ಟಗ ಇದ್ದ ಜಾಗಾದಾಗ ಮನಿ ಸೊಟ್ಟಗ ಕುಂದ್ರಸಿದ್ರ ಮೂಲಿ ಹೊರಗ ಬರತಾವ, ಎಲ್ಲಿಂದರೆ ಕತ್ತರಿಸಬೇಕು. ಎಲ್ಲಿಂದ? "ಬಚ್ಚಲ ಎರಡು ಫೂಟ ಕಡಿಮಿ ಮಾಡ್ರಿ. ಮನಶ್ಯಾಗ ಒಂದು ತಂಬಗಿ ನೀರು ಹಾಕ್ಕೊಳ್ಳಾಕ ಎಷ್ಟು ಜಾಗಾ ಬೇಕು?"

ನಾ ಮಾಮಾನ ಕಡೆ ನೋಡಿದ್ನಿ. ಅವ್ರು ನೆಲಾ ನೋಡಾಕತ್ತಿದ್ರು.

ತಪ್ಪು ನಂದ. ಯಾಕಂದ್ರ ಚಹಾದ ಹೊತ್ತಿನ್ಯಾಗ ನಾ ಒಂದು ಮಾತು ಹೇಳದ ಬಿಟ್ಟಿದ್ನಿ. ನಕಾಶಿ ಚೌಕಳಿಗೆ ನಡುವಿನ ಗೆರಿ ಅಂತ ಒಂದಿರತೈತಿ, ಅದರ ಮ್ಯಾಲೆ ಖರೇ ಉತ್ತರ, ಗ್ರಿಡ್ ಉತ್ತರ ಎರಡೂ ಒಂದ. ಅದರಿಂದ ದೂರ ಹೋದಂಗ ಫರಕು ಹೆಚ್ಚಾಗತೈತಿ. ನಮ್ಮ ಭಾಗದ ಆ ಗೆರಿ ಎಪ್ಪತ್ತೈದು ಡಿಗ್ರಿ ರೇಖಾಂಶ. ಅದು ಎಲ್ಲಿ ಹಾದು ಹೋಗತೈತಿ ಗೊತ್ತೇನ್ರಿ? ನಮ್ಮ ಧಾರವಾಡದ ಮಗ್ಗಲದಾಗ! ದೇಶದಾಗ ಎಲ್ಲೆಲ್ಲೋ ಇರೂ ಫರಕು ನಮ್ಮಲ್ಲಿ ಇಲ್ಲ. ಸತ್ತೂರದ ಆ ಜಾಗಾದಾಗ ಈ ತುದಿಯಿಂದ ಆ ತುದಿಗೆ ಹೋದ್ರೂ ಗೌಂಡಿ ದಾರದ ದಪ್ಪದಷ್ಟೂ ಆಗೂದಿಲ್ಲ. ಇದು ನನಗ ಮೊದಲ ಗೊತ್ತಿತ್ತು. ಹೇಳಿದ್ರ ಭಾಷಣದ ರಂಗ ಹೋಗತೈತಿ ಅಂತ ಹೇಳಿರಲಿಲ್ಲ.

ಈಗ ಹೇಳಿದ್ನಿ. ಅಕ್ಕ ನನ್ನ ಮ್ಯಾಲೆ ಹರಿಹಾಯ್ದ್ಲು. "ಹತ್ತು ಮಿನೀಟಿನ ಹಿಂದ ಮೂರು ಬ್ಯಾರೆ ಬ್ಯಾರೆ ಅಂದಿ, ಈಗ ಒಂದ ಅಂತಿ! ನಿನ್ನ ನಾಲಿಗಿಗೆ ಎಲುಬಿಲ್ಲೇನು? ಮತ್ತೊಮ್ಮೆ ಅವ್ರಿಗೆ ಏನರೆ ಆದ್ರ ನಿನ್ನ ಗ್ರಿಡ್ ಬಂದು ಎತ್ತತೈತೇನು?" ಅಕಿ ಕಣ್ಣಾಗ ನೀರು ಬಂದಿದ್ವು. ನನಗ ಸಿಟ್ಟೂ ಬಂತು, ನಾಚಿಕೀನೂ ಬಂತು.

ಗೌಂಡಿ ಅಜ್ಜ ನಡುವ ಬಂದ. "ಜಗಳಾ ಯಾಕ್ರೀ ಅಕ್ಕಾರ? ನಾಳೆ ಒಂದು ದಿನಾ ಬಿಡ್ರಿ. ನಾ ನೆರಳ ಹಿಡದು ತೋರಸ್ತೇನಿ."

ಮರುದಿನ ಮುಂಜಾನೆ ಅಂವ ಒಂದು ನೆಟ್ಟನ ಗೂಟ ಹುಗದು, ಅದರ ಸುತ್ತ ದಾರ ಹಿಡದು ಒಂದು ದುಂಡು ಹಾಕಿದ. ಮಧ್ಯಾಹ್ನದಕಿಂತ ಮೊದಲ ಗೂಟದ ನೆರಳಿನ ತುದಿ ಆ ದುಂಡಿಗೆ ಎಲ್ಲಿ ಮುಟ್ಟಿತೋ ಅಲ್ಲೊಂದು ಸಣ್ಣ ಕಲ್ಲು ಇಟ್ಟ, ಇಳಿಹೊತ್ತಿನ್ಯಾಗ ಮತ್ತ ಎಲ್ಲಿ ಮುಟ್ಟಿತೋ ಅಲ್ಲೊಂದು. ಎರಡೂ ಕೂಡಿಸಿದ, ಅದು ಪೂರ್ವ-ಪಶ್ಚಿಮ. ಅದಕ್ಕ ಅಡ್ಡ ಲಂಬಕೋನದಾಗ ದಾರ ಎಳದ, ಅದು ಖರೇ ಉತ್ತರ. ಹೋಗಿ ನನ್ನ ಪ್ಲ್ಯಾನಿನ ದಾರಕ್ಕ ಬರೋಬ್ಬರಿ ಕೂಡಿತು. ನನ್ನ ಜನ್ಮದ ವಿದ್ಯಾಕ್ಕ ಒಂದು ಗೂಟ ಸಾಕಿತ್ತು ಅಂತ ಅವತ್ತು ತಿಳೀತು.

ವಾಸ್ತುದವ್ರು ಜಗ್ಗಲಿಲ್ಲ. "ಇದು ಸೂರ್ಯನ ಲೆಕ್ಕ. ನಂದು ಊರ್ಜಾದ ಲೆಕ್ಕ" ಅಂದ್ರು. ಅಷ್ಟರಾಗ ವಾಕಿಂಗ್ ಹೊಂಟಿದ್ದ ಲೇಔಟಿನ ರಿಟೈರ್ಡ್ ಮಂದಿ ಒಬ್ಬೊಬ್ಬರ ನಿಂತು ತಂತಮ್ಮ ಮೊಬೈಲ್ ತಗದ್ರು. ಆ ಸಂಜಿ ಸತ್ತೂರದಾಗ ಏಳು ಉತ್ತರ ದಿಕ್ಕು ಇದ್ವು. ಒಬ್ಬರದಂತೂ ಆಗ್ನೇಯಕ್ಕಿರೂ ಹುಬ್ಬಳ್ಳಿ ಕಡೆ ತೋರಸತಿತ್ತು. ಗೌಂಡಿ ಅಜ್ಜ ಮೆಲ್ಲಕ ವಾಸ್ತುದವ್ರಿಗೆ, "ಸಾಹೇಬ್ರ, ನೀವು ನಿನ್ನಿನೂ ಇವತ್ತೂ ಕಬ್ಬಿಣದ ಸಳಿ ರಾಶಿ ಬಾಜೂಕ ನಿಂತೀರಿ. ಸ್ವಲ್ಪ ರಸ್ತಾಕ್ಕ ಬರ್ರಿ" ಅಂದ. ರಸ್ತಾಕ್ಕ ಬಂದು ನೋಡಿದ್ರ ಒಂಬತ್ತು ಹೋಗಿ ಒಂದು ಉಳದಿತ್ತು.

ಆ ಮನಶ್ಯಾನ ಗುಂಡಿಗಿಗೆ ಕೈ ಮುಗೀಬೇಕ್ರಿ. "ನೋಡ್ರಿ ತಾಯೀ, ನಾ ಬಂದ ಮ್ಯಾಲೆ ಎಂಟು ಡಿಗ್ರಿ ದೋಷ ಹೋತು! ಈಗ ಒಂಬತ್ತು ಬ್ಯಾಡ, ನಾಲ್ಕಕ್ಕ ತಿರುಗಸ್ರಿ. ನಿಮ್ಮ ತಮ್ಮಂದೂ ಉಳೀತು, ಶಾಸ್ತ್ರನೂ ಉಳೀತು." ಉತ್ತರ ದಿಕ್ಕನ್ನ ಬದನಿಕಾಯಿಯಂಗ ಚೌಕಾಶಿ ಮಾಡಿದ್ದು ನಾ ಅಲ್ಲೇ ಮೊದಲ ನೋಡಿದ್ದು. ಅಕ್ಕ, "ನಾಲ್ಕಕ್ಕ ಆಗಲಿ ತಮ್ಮಾ, ನನ್ನ ಜೀವಕ್ಕ ಸಮಾಧಾನ" ಅಂತ ಕೈ ಹಿಡದ್ಲು. ಎಲ್ಲಾ ತಿಳಿದಿದ್ದ ನಾನು, ಭಂಡ, "ಆತು ಬಿಡ್ರಿ" ಅಂದ್ನಿ. ಜಗಳಾ ಬ್ಯಾಸರ ಆಗಿತ್ತು.

ಗೌಂಡಿ ಅಜ್ಜ ಮರುಮಾತಾಡದ ಹೊಸಾ ಗೆರಿ ಹಾಕಿದ. ಬಚ್ಚಲ ನಾಲ್ಕೂ ಕಾಲು ಫೂಟ ಆತು.

ಆಗ ಮಾಮಾ ಬಲಗೈಲೆ ಗಾಲಿ ದೂಡಿ, ಬಲಗಾಲೀಲೆ ನೆಲಾ ಒತ್ತಿಕೋತ ಬಂದ್ರು. ಸುಣ್ಣದ ಗೆರಿ ನಡುವ, ಬಚ್ಚಲ ಆಗೂ ಜಾಗಾಕ್ಕ ಹೋಗಿ ಕುರ್ಚಿ ತಿರುಗಸಿದ್ರು. ಗಾಲಿ ಗೆರಿ ದಾಟಿ ಹೊರಗ ಹೋತು. ಹಿಂದಕ್ಕ ಸರದು ಮತ್ತ ತಿರುಗಸಿದ್ರು, ಮತ್ತ ದಾಟಿತು. ಮೂರನೇ ಸಲ ಗೆರಿ ಬಂದಲ್ಲಿಗೆ ಗಾಲಿ ಹಿಡದ್ರು. ಅಲ್ಲಿ ಗ್ವಾಡಿ ಇರಲಿಲ್ಲ, ಇದ್ದಂಗ ನಿಂತುಬಿಟ್ರು.

ಅಕ್ಕ ಓಡಿ ಹೋದ್ಲು. "ತಗ್ಗು-ದಿನ್ನಿ ನೆಲಾ ಐತ್ರಿ, ಅದಕ್ಕ ಹಂಗ. ನಾ ಇರ್ತೇನಲ್ರಿ, ನಾ ಎತ್ತತೇನಿ."

"ಎರಡು ವರ್ಷಾತು ನೀ ನನ್ನ ತೊಳ್ಯಾಕತ್ತಿ," ಅಂದ್ರು ಮಾಮಾ. ಬಾಯಿ ತೊದಲತಿತ್ತು, ಆದ್ರ ಒಂದೊಂದ ಮಾತು ನಮಗೆಲ್ಲಾ ಕೇಳಿಸಿತು. "ಎರಡು ವರ್ಷಾತು ನಾ ನಿನ್ನ ಮಾರಿ ನೆಟ್ಟಗ ನೋಡಿಲ್ಲ."

"ಹೇಳಬಾರದೇನ್ರಿ ಮತ್ತ?"

"ಕೇಳಿದವ್ರ ಯಾರು? ನೀವೆಲ್ಲಾ ದಿಕ್ಕ ಹುಡುಕಾಕತ್ತಿದ್ರಿ."

ಅಕ್ಕ ಸೆರಗು ಸೊಂಟಕ್ಕ ಸಿಗಿಸಿ, ಗೌಂಡಿ ಅಜ್ಜನ ಕೈಯಾಗಿನ ಗುದ್ದಲಿ ಇಸಗೊಂಡು, ನನ್ನ ಮೊದಲಿನ ಗೂಟ ಎಲ್ಲಿತ್ತೋ ಆ ಬಚ್ಚಲದ ಮೂಲಿಗೆ ಹೋದ್ಲು.

"ಅಲ್ಲಲ್ರೀ ತಾಯೀ!" ಅಂತ ವಾಸ್ತುದವ್ರು ಕೈ ಎತ್ತಿದ್ರು. "ಮೊದಲನೇ ಗುದ್ದಲಿ ಈಶಾನ್ಯಕ್ಕ ಬೀಳಬೇಕು!"

"ಗೊತ್ತೈತ್ರಿ," ಅಂದ್ಲು ಅಕ್ಕ. ಅಂದಾಕಿ ಗುದ್ದಲಿ ಎತ್ತಿ ಅಲ್ಲೇ ಹಾಕಿದ್ಲು. ಮಣ್ಣು ಬಿರುಸಿತ್ತು, ಮತ್ತ ಹಾಕಿದ್ಲು, ಮತ್ತ ಹಾಕಿದ್ಲು. ಮಾಮಾ ಕುರ್ಚ್ಯಾಗಿಂದ ತಲಿ ಎತ್ತಿ ಅಕಿ ಮಾರಿ ನೋಡಾಕತ್ತಿದ್ರು.