ನಾಕಾದ ಹಲಗೆಯ ಮೇಲೆ ಹೌಸಕ್ಕನ ಹಾಲು

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಯಿಂದ ಮಾತಾಡುವಾಗ ನಾನು ಬಹಳ ಸಭ್ಯ. ಓಣಿಯಲ್ಲಿ ಎಮ್ಮೆ ಎದುರಾದರೆ ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಡುವವನು. ಬಸ್ಸಿನಲ್ಲಿ ಕಾಲು ತುಳಿದವರಿಗೆ ನಾನೇ 'ಇರಲಿ ಬಿಡ್ರಿ' ಎಂದು ಸಮಾಧಾನ ಹೇಳುವವನು. ಆದರೆ ಕೈಗೆ ಖಡು ಸಿಕ್ಕಿತೋ (ಸೀಮೆಸುಣ್ಣಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ), ಎಲ್ಲಿಂದಲೋ ಒಬ್ಬ ಪಾಳೆಯಗಾರ ನನ್ನೊಳಗೆ ಬಂದು ಮೀಸೆ ತೀಡತೊಡಗುತ್ತಾನೆ.

ನಮ್ಮೂರು ಸದಲಗಾದ ಹತ್ತಿರ, ದೂಧಗಂಗೆ ಹೊಳೆಯ ದಂಡೆಗೆ. ಊರ ನಾಕಾದಲ್ಲಿ, ಅಂದರೆ ದಾರಿಗಳು ಕೂಡುವ ಚೌಕದಲ್ಲಿ, ತಾತ್ಯಾನ ಚಹಾದಂಗಡಿಯ ಪಕ್ಕದ ಗೋಡೆಗೆ ಒಂದು ಕರಿಹಲಗೆ ಇದೆ. ಯಾರು ತೀರಿಕೊಂಡರು, ಯಾರ ಆಕಳು ಕಳೆದಿದೆ, ನಾಳೆ ನಳಕ್ಕೆ ನೀರು ಬರುತ್ತದೋ ಇಲ್ಲವೋ, ಎಲ್ಲ ಅಲ್ಲೇ. ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ, ನಡುವೆ ಒಂದು ಗೆರೆ. ಗೆರೆ ಎಷ್ಟೋ ಸಲ ಅಳಿಸಿಹೋಗಿದೆ, ಯಾರೂ ಜಗಳಾಡಿಲ್ಲ. ಮೊಬೈಲು ಬಂದ ಮೇಲೆ ಹಲಗೆಯ ಕಾಲ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಮೊಬೈಲಿನಲ್ಲಿ ಓದಿದ್ದು ಖರೆಯೋ ಸುಳ್ಳೋ ಎಂದು ನೋಡಲು ಜನ ಹಲಗೆಯ ಹತ್ತಿರವೇ ಬರುತ್ತಾರೆ.

ಹಲಗೆಯ ಕೆಳಭಾಗದಲ್ಲಿ 'ಇಂದಿನ ಸುವಿಚಾರ'ಕ್ಕೆಂದು ಒಂದು ಮೊಳ ಜಾಗ. ನನ್ನ ಅಕ್ಷರ ದುಂಡಗಿವೆ ಎಂಬ ಒಂದೇ ಅರ್ಹತೆಯ ಮೇಲೆ ಆ ಜಾಗ ನನ್ನ ಪಾಲಿಗೆ ಬಂತು. ಅಜ್ಜ ಹೊಳೆಯ ಉಸುಕಿನಲ್ಲಿ ಬೆರಳು ಹಿಡಿದು ತಿದ್ದಿಸಿದ ಅಕ್ಷರ ಅವು. ವಿಚಾರವನ್ನು ಯಾರೂ ತಿದ್ದಿಸಿರಲಿಲ್ಲ. ಸತ್ಯವೇ ದೇವರು, ತಾಳ್ಮೆಯೇ ಭೂಷಣ ಎಂದು ವರ್ಷಗಟ್ಟಲೆ ಬರೆದೆ. ಒಬ್ಬರೂ ನಿಂತು ಓದಲಿಲ್ಲ. ಒಂದು ಸಲ ಅದೇ ಸುವಿಚಾರ ಹನ್ನೊಂದು ದಿನ ಹಾಗೆಯೇ ಉಳಿಯಿತು, ಯಾರಿಗೂ ಗೊತ್ತಾಗಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ತಾತ್ಯಾನ ಚಹಾ ಯಾಕೋ ತೆಳ್ಳಗೆನಿಸಿತು. ಪಾಳೆಯಗಾರ ಎದ್ದ. ಬರೆದೆ: 'ನಮ್ಮೂರ ಹಾಲಿನಲ್ಲಿ ಎಮ್ಮೆಯ ಪಾಲೆಷ್ಟು, ದೂಧಗಂಗೆಯ ಪಾಲೆಷ್ಟು? ಹೊಳೆದಂಡೆಯವರು ತಿಳಿಸಬೇಕು.'

ಅಬ್ಬಾ, ಏನು ಕೀರ್ತಿ! ಜನ ನಿಂತು ಓದಿದರು. ನಕ್ಕರು. ಫೋಟೋ ಹೊಡೆದುಕೊಂಡರು. ಅಂದು ನಾನು ಮನೆಗೆ ನಡೆದು ಹೋಗಲಿಲ್ಲ, ತೇಲಿ ಹೋದೆ.

ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಹೊಳೀ ದಂಡಿಗೆ ಎಮ್ಮಿ ಕಟ್ಟಿದ ಮನಿ ಎಷ್ಟ ಅದಾವ್ರಿ?" ಎಂದಳು.

ಎಣಿಸಿದೆ. ಒಂದೇ. ಹೌಸಕ್ಕನದು.

"ನಾ ಯಾರ ಹೆಸರೂ ಬರದಿಲ್ಲ."

"ಹೆಸರ ಬರದಿಲ್ಲ. ಮನೀ ದಾರಿ ತೋರ್ಸೀರಿ," ಎಂದು ರೊಟ್ಟಿ ತಿರುವಿ ಹಾಕಿದಳು.

ಹೌಸಕ್ಕ ಎರಡು ಎಮ್ಮೆ ಕಟ್ಟಿಕೊಂಡು, ಆ ಹಾಲಿನ ಮೇಲೆಯೇ ಮೊಮ್ಮಗಳನ್ನು ನಿಪ್ಪಾಣಿಯಲ್ಲಿ ನರ್ಸಿಂಗ್ ಓದಿಸುತ್ತಿರುವ ಹೆಂಗಸು. ಒಂದಿಷ್ಟು ಹಾಲು ಡೇರಿಗೆ, ಉಳಿದದ್ದೆಲ್ಲ ತಾತ್ಯಾನ ಅಂಗಡಿಗೆ. ಸಂಜೆಯೊಳಗೆ ಸುದ್ದಿ ಬಂತು: ನಾಳೆಯಿಂದ ಹಾಲು ತರಬೇಡ ಎಂದು ತಾತ್ಯಾ ಆಕೆಗೆ ಹೇಳಿದ್ದಾನೆ. ಕೇಳಲು ಹೋದೆ. "ಆಕೀ ಹಾಲು ಕೆಟ್ಟದ್ದಂತ ನಾ ಎಲ್ಲಿ ಅಂದೇನ್ರಿ? ಗಿರಾಕಿ ನಕ್ಕೋತ ಗ್ಲಾಸ್ ಬೆಳಕಿಗಿ ಹಿಡದು ನೋಡ್ತಾರ. ನಾ ಏನ್ ಮಾಡ್ಲಿ?" ಎಂದ. ಚಹಾ ತೆಳ್ಳಗಾಗಿದ್ದರ ಕಾರಣವನ್ನೂ ಅವನೇ ಹೇಳಿದ: ಮುಂಜಾನೆ ಗಿರಾಕಿ ಹೆಚ್ಚಾಗಿದ್ದರಂತೆ, ಚಹಾ ಕುದಿಸುವ ಪಾತೇಲಿಗೆ ನೀರು ಅವನೇ ಸುರಿದಿದ್ದನಂತೆ.

ಮನೆಗೆ ಬಂದು ನಾನು ಸಂವಿಧಾನದ ಮೊರೆಹೊಕ್ಕೆ. ಆಪತ್ಕಾಲದಲ್ಲಿ ಕೆಲವರು ದೇವರನ್ನು ನೆನೆಯುತ್ತಾರೆ, ತಪ್ಪು ಮಾಡಿದವರು ಕಾನೂನನ್ನು. ಹತ್ತೊಂಬತ್ತನೆಯ ವಿಧಿಯ ಮೊದಲ ಖಂಡದಲ್ಲಿ ವಾಕ್ ಸ್ವಾತಂತ್ರ್ಯ, ಪ್ರತಿ ನಾಗರಿಕನಿಗೂ. ಎದೆಯುಬ್ಬಿತು. ಅಲ್ಲಿಗೇ ಪುಸ್ತಕ ಮುಚ್ಚಬೇಕಿತ್ತು. ಎರಡನೆಯ ಖಂಡಕ್ಕೆ ಹೋದೆ. ಅಲ್ಲಿ ಸಮಂಜಸ ನಿರ್ಬಂಧಗಳ ಸಾಲು. ದೇಶದ ಭದ್ರತೆಗೆ ನನ್ನಿಂದ ತೊಂದರೆಯಾಗಿಲ್ಲ. ಪರದೇಶಗಳ ಜೊತೆಗಿನ ಸ್ನೇಹವೂ ಕೆಟ್ಟಿಲ್ಲ; ಹೊಳೆಯಾಚೆ ಇರುವುದು ಕೊಲ್ಲಾಪುರ, ಅಲ್ಲಿ ನಮ್ಮ ಬೀಗರೇ ಇದ್ದಾರೆ. ಹೀಗೆ ಒಂದೊಂದೇ ಪಾರಾಗುತ್ತ ಬಂದವನು 'ಮಾನಹಾನಿ' ಎಂಬಲ್ಲಿ ಮುಗ್ಗರಿಸಿದೆ.

ನಮ್ಮ ಅಜ್ಜಿ ನೆನಪಾದಳು. ಆಕೆ ಬೈದರೆ ಆಚೆ ದಂಡೆಯ ಅಗಸರು ಬಟ್ಟೆ ಒಗೆಯುವುದು ನಿಲ್ಲಿಸಿ ಕೇಳುತ್ತಿದ್ದರಂತೆ. ಅಂಥಾಕೆಯೂ ಒಂದು ಗೆರೆ ಹಾಕಿಕೊಂಡಿದ್ದಳು. "ಜಗಳದಾಗ ಏನರ ಅನ್ನು, ಒಬ್ಬರ ಉಣ್ಣೂ ತಾಟಿಗೆ ಮಾತ್ರ ಕೈ ಹಾಕಬ್ಯಾಡ," ಎನ್ನುತ್ತಿದ್ದಳು. ಎರಡನೆಯ ಖಂಡವನ್ನು ಆಕೆ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಮೊದಲನೆಯ ಖಂಡವನ್ನು ಆಕೆಗೆ ಯಾರೂ ಕೊಟ್ಟಿರಲಿಲ್ಲ, ತಾನಾಗಿ ತೆಗೆದುಕೊಂಡಿದ್ದಳು.

ಮರುದಿನ ಜನ ಸೇರುವ ಮೊದಲೇ ಒರೆಸಿಬಿಡೋಣವೆಂದು ಒದ್ದೆ ಅರಿವೆ ಹಿಡಿದು ಹೋದೆ. ಹಲಗೆಯ ಕೆಳಗೆ ಹಾಲಿನ ಕ್ಯಾನು ಇಟ್ಟುಕೊಂಡು ಹೌಸಕ್ಕ ನಿಂತಿದ್ದಳು. ಚಹಾಕ್ಕೆ ಬಂದ ನಾಲ್ಕಾರು ಜನ ಆಗಲೇ ಅಂಗಡಿಯ ಕಟ್ಟೆ ಹಿಡಿದು ಕೂತಿದ್ದರು.

"ತಪ್ಪಾತಕ್ಕಾ. ಒರಸಿಬಿಡ್ತೇನಿ."

"ಒರಸಿದರ ನನ್ನ ಹಾಲು ಗಟ್ಟಿ ಆಗತೈತೇನ ತಮ್ಮಾ? ಊರೆಲ್ಲಾ ಓದೇತಿ. ಅದರ ಕೆಳಗ ಬರಿ, ನಾ ಹೇಳ್ತೇನಿ."

"ನೀನ ಬರಿಯಲ್ಲಕ್ಕಾ, ಖಡು ಕೊಡ್ತೇನಿ."

"ನನಗ ಬರೀಲಿಕ್ಕೆ ಬಂದಿದ್ದರ ಇಷ್ಟ ದಿನ ಅದು ನಿನ್ನ ಕೈಯಾಗ ಯಾಕ ಇರತಿತ್ತು?"

ಎಲ್ಲರಿಗೂ ಕೊಟ್ಟದ್ದೆಂದು ನಾನು ರಾತ್ರಿ ಓದಿದ ಹಕ್ಕು ನಾಕಾದಲ್ಲಿ ಯಾರ ಕೈಯಲ್ಲಿ ಖಡು ಇದೆಯೋ ಅವರದೇ ಆಗಿಬಿಟ್ಟಿತ್ತು. ಇದು ಎರಡನೆಯ ಖಂಡದಲ್ಲಿ ಬರೆಯದ ನಿರ್ಬಂಧ. ಹಲಗೆಗೆ ಮುಖ ಮಾಡಿದೆ.

"ಬರಿ. ಹೊಳೀದಂಡಿ ಹೌಸಾಬಾಯಿ ಹಾಲು. ನಿನ್ನಿ ಡೇರಿ ಚೀಟಿ, ಏಳು ಫ್ಯಾಟು." ಸೊಂಟದ ಚೀಲದಿಂದ ಚೀಟಿ ತೆಗೆದು ಎಲ್ಲರಿಗೂ ತೋರಿಸಿದಳು. ಏಳು ಫ್ಯಾಟಿನ ಹಾಲಿಗೆ ನೀರು ಸೋಕಿರಲಾರದೆಂದು ಊರಿಗೆಲ್ಲ ಗೊತ್ತು. "ದೂಧಗಂಗಾ ನನ್ನ ಮನೀ ಹಿಂದ ಹರೀತೈತಿ, ಕ್ಯಾನಿನಾಗ ಅಲ್ಲ."

ಕಟ್ಟೆ ನಕ್ಕಿತು. ಹೊಟ್ಟೆಕಿಚ್ಚಾಯಿತು ನನಗೆ, ಅಂಥ ಒಂದು ಸಾಲು ನನ್ನ ಸುವಿಚಾರಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

"ಈ ಬೋರ್ಡು ಬರಿಯಾಂವ ದಿನಾ ಪುಕ್ಕಟ ಚಹಾ ಕುಡಿಯಾಂವ."

ಕೈ ನಿಂತಿತು. "ಅಕ್ಕಾ, ಇದಕ್ಕೂ ಹಾಲಿಗೂ ಸಂಬಂಧ ಇಲ್ಲ."

"ಸುಳ್ಳೈತೇನ?"

"ಖರೇ ಐತ್ರಿ!" ಎಂದ ತಾತ್ಯಾ ಒಲೆಯ ಹಿಂದಿನಿಂದ. ಬರೆದೆ.

"ಹೆಸರ ಬರಿಯಾಕ ಧೈರ್ಯ ಇಲ್ಲದ ಹೇಡಿ ಅದಾನ."

ಇಲ್ಲಿ ನನ್ನ ಸಂಪಾದಕ ಬುದ್ಧಿ ಜಾಗೃತವಾಯಿತು. 'ಸ್ವಲ್ಪ ಸಂಕೋಚದ ಮನುಷ್ಯ' ಎಂದು ಬರೆದು ದೂರ ಸರಿದು ನಿಂತೆ. ಹೌಸಕ್ಕ ನನ್ನ ಮುಖ ನೋಡಿದಳು, ಹಲಗೆ ನೋಡಿದಳು, "ತಾತ್ಯಾ, ಓದಲೇ" ಎಂದಳು. ಅವನು ಜಾತ್ರೆಯ ಮೈಕಿನವನ ಹಾಗೆ ಓದಿದ.

"ನಾ ಹಂಗಂದ್ನೇನ?"

"ಒಂಚೂರು ಸಭ್ಯ ಮಾಡೇನಕ್ಕಾ."

"ನನ್ನ ಬಾಯಿ ನೀ ಯಾಕ ಸಭ್ಯ ಮಾಡ್ತಿ? ನಿಂದು ನೋಡ್ಕೊ."

ಒರೆಸಿ, ಹೇಳಿದ ಹಾಗೆಯೇ ಬರೆದೆ. ಎಡಗಡೆ ಮರಾಠಿಯಲ್ಲೂ ಬರೆಸಿದಳು. ಕೊನೆಗೆ, "ಕೆಳಗ ನಿನ್ನ ಹೆಸರ ಹಾಕು. ಮನಿತನದ ಅಡ್ಡಹೆಸರ ಸಮೇತ" ಎಂದಳು. ಅಷ್ಟು ವರ್ಷ ಬರೆದರೂ ಆ ಹಲಗೆಯ ಮೇಲೆ ನನ್ನ ಹೆಸರು ಒಂದು ದಿನವೂ ಬಿದ್ದಿರಲಿಲ್ಲ. ಮೊದಲ ಅಕ್ಷರವೇ ಸೊಟ್ಟಗಾಯಿತು.

ತಾತ್ಯಾ ಬಂದು ಕ್ಯಾನು ಎತ್ತಿಕೊಂಡ. ಎಲ್ಲರ ಎದುರಿಗೆ ಪಾತೇಲಿಗೆ ಸುರಿದ. ನೀರು ಮುಟ್ಟಲಿಲ್ಲ.

ಹೌಸಕ್ಕ ಹಲಗೆಯ ಹತ್ತಿರ ಬಂದು, "ಇದರಾಗ ಹೇಡಿ ಅನ್ನೂದು ಎಲ್ಲೈತಿ?" ಎಂದಳು. ತೋರಿಸಿದೆ. ಸೆರಗಿನ ಚುಂಗಿನಿಂದ ಆ ಸಾಲನ್ನು ಒರೆಸಿದಳು, ಆಮೇಲೆ ಮರಾಠಿಯದನ್ನೂ. "ಹೆಸರ ಹಾಕೀಯಲ್ಲ. ಇನ್ನ ಅದು ಸುಳ್ಳಾತು," ಎಂದಳು.

ಆ ಉದಾರತೆ ನೋಡಿ ನನಗೂ ಆಸೆ ಹುಟ್ಟಿತು. "ಅಕ್ಕಾ, ಆ ಪುಕ್ಕಟ ಚಹಾದ್ದು...?"

"ಅದು ಇರಲಿ. ಅದು ಖರೇ ಐತಿ," ಎಂದು ಖಾಲಿ ಕ್ಯಾನು ಹಿಡಿದು ಹೊಳೆಯ ಕಡೆಗೆ ನಡೆದಳು.